ಮೊದಲು ಒಂದು ಊಟ ಕಲಿಯಿರಿ



ನಾನಿರುವುದು ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ. ಒಂದು ಕಡೆ ಡೇರಿ ಸರ್ಕಲ್, ಇನ್ನೊಂದು ಕಡೆ ತಾವರೆಕೆರೆ, ಅದರಾಚೆ ಬಿ.ಟಿ.ಎಂ. ಲೇಔಟ್. ಪಕ್ಕದಲ್ಲೇ 1969ರಲ್ಲಿ ಶುರುವಾದ ಕ್ರೈಸ್ಟ್ ಕಾಲೇಜು ಇದೆ. ಈಗ ಅದು ವಿಶ್ವವಿದ್ಯಾಲಯ. ಹಾಗಾಗಿ ನಮ್ಮ ಬೀದಿಗಳ ಮಹಡಿ ಮನೆಗಳಲ್ಲಿ ಓದುವ ಮಕ್ಕಳಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿದ್ದಾರೆ. ಹೊಸದಾಗಿ ಸಂಸಾರ ಹೂಡಿದವರಿದ್ದಾರೆ. ಬೆಳಿಗ್ಗೆ ಸೊಪ್ಪಿನ ಗಾಡಿ ಬಂದಾಗ ಇವರೆಲ್ಲ ಅದರ ಸುತ್ತ ಸೇರುತ್ತಾರೆ. ಆಗ ನನ್ನನ್ನು ಕೇಳುತ್ತಾರೆ, "ಆಂಟಿ, ಅಡುಗೆ ಕಲೀಬೇಕು. ಈ ಸಲ ಊರಿಗೆ ಹೋದಾಗ ಅಮ್ಮನ್ನ ಕೂರಿಸಿ ನಾನೇ ಬಡಿಸ್ಬೇಕು. ಎಲ್ಲಿಂದ ಶುರು ಮಾಡ್ಲಿ?"

ಈ ಪ್ರಶ್ನೆ ಕೇಳಿದರೆ ನನಗೆ ತುಂಬ ಸಂತೋಷವಾಗುತ್ತದೆ. ಇವತ್ತಿನ ಮಾತೆಲ್ಲ ಅದಕ್ಕೇ ಉತ್ತರ.

ಮೊದಲು ಒಂದು ಊಟ ಕಲಿಯಿರಿ. ತಿಂಡಿ ಆಮೇಲೆ. ಸಿಹಿ ಆಮೇಲೆ. ಹೋಟೆಲಿನಲ್ಲಿ ತಿಂದು ಇಷ್ಟಪಟ್ಟದ್ದು ಇನ್ನೂ ಆಮೇಲೆ. ಅನ್ನ ಅಥವಾ ಮುದ್ದೆ, ಒಂದು ಸಾರು, ಒಂದು ಪಲ್ಯ, ಕೊನೆಗೆ ಮಜ್ಜಿಗೆ. ಇಷ್ಟನ್ನು ಒಂದೇ ಹೊತ್ತಿಗೆ ಒಲೆಯಿಂದ ಇಳಿಸಿ, ನಾಲ್ಕು ಜನಕ್ಕೆ ಬಡಿಸುವುದನ್ನು ಕಲಿಯಿರಿ.

ಯಾಕೆ ಹೀಗೆ ಹೇಳುತ್ತೇನೆ? ಈಗ ಅಡುಗೆ ಕಲಿಯುವವರು ಒಂದೊಂದೇ ಪದಾರ್ಥ ಕಲಿಯುತ್ತಾರೆ. ಒಂದು ವಾರ ಪನ್ನೀರು, ಇನ್ನೊಂದು ವಾರ ಪಲಾವು, ಮತ್ತೊಂದು ವಾರ ಜಾಮೂನು. ಪ್ರತಿಯೊಂದೂ ಚೆನ್ನಾಗೇ ಬಂದಿರುತ್ತದೆ. ಆದರೆ ಮನೆಮಂದಿ ಊಟಕ್ಕೆ ಕೂತಾಗ ತೊಂದರೆ ಶುರುವಾಗುತ್ತದೆ. ಪಲಾವು ತಣ್ಣಗಾಗಿದೆ, ಪಲ್ಯ ಇನ್ನೂ ಹಸಿ ಇದೆ. ಮಗುವಿಗೆ ಖಾರ ಹೆಚ್ಚಾಯಿತು. ಅಜ್ಜಿಗೆ ಅಗಿಯಲು ಆಗುವುದಿಲ್ಲ. ಅಪ್ಪನಿಗೆ ಬಿ.ಪಿ., ಉಪ್ಪು ಕಡಿಮೆ ಇರಬೇಕು. ಮನೆಯ ಅಡುಗೆ ಅಂದರೆ ಇಷ್ಟು ಜನರನ್ನು ಒಟ್ಟಿಗೆ ನೆನಪಿಟ್ಟುಕೊಂಡು ಒಲೆ ಹಚ್ಚುವುದು. ಆ ಅಭ್ಯಾಸ ಒಂದೊಂದೇ ಪದಾರ್ಥ ಕಲಿತರೆ ಬರುವುದಿಲ್ಲ. ಇಡೀ ಊಟ ಮಾಡಿದಾಗಲೇ ಬರುತ್ತದೆ.

ಹಾಗಾದರೆ ಯಾವ ಊಟ? ಇದಕ್ಕೂ ನನ್ನ ಹತ್ತಿರ ಖಚಿತವಾದ ಉತ್ತರವಿದೆ. ಬಸ್ಸಾರು, ಪಲ್ಯ, ಮುದ್ದೆ.

ಇದು ನಮ್ಮ ಸೀಮೆಯ ಊಟ. ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ, ಹಾಸನದ ಕಡೆ ಇದು ಗೊತ್ತಿಲ್ಲದ ಮನೆ ಇಲ್ಲ. ಇವತ್ತು ಕಟ್ಟಡ ತುಂಬಿರುವ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಹಿಂದೆ ರಾಗಿ ಹೊಲ, ಅವರೆ ಸಾಲು, ಕೆರೆ ಕೆಳಗಿನ ತೋಟ ಇದ್ದವು. ಆ ಹೊಲದಲ್ಲಿ ದುಡಿದವರ ದಿನದ ಊಟ ಇದು. ಸಸ್ಯಾಹಾರ ಅಂದ ಕೂಡಲೇ ನಮಗೆ ಮಠ, ದೇವಸ್ಥಾನ, ಉಡುಪಿ ಹೋಟೆಲು ನೆನಪಾಗುತ್ತವೆ. ಅವುಗಳ ಅಡುಗೆ ದೊಡ್ಡದೇ. ಆದರೆ ಹಬ್ಬಕ್ಕೋ ಭಾನುವಾರಕ್ಕೋ ಮಾಂಸ ಮಾಡುವ ಒಕ್ಕಲು ಮನೆಗಳಲ್ಲೂ ವಾರದ ಉಳಿದ ದಿನ ಬೇಯುತ್ತಿದ್ದದ್ದು ಸೊಪ್ಪು, ಕಾಳು, ರಾಗಿ. ಕರ್ನಾಟಕದ ಸಸ್ಯಾಹಾರಿ ಅಡುಗೆಯ ಬಹುದೊಡ್ಡ ಪಾಲು ಈ ಮನೆಗಳಲ್ಲಿದೆ. ಅದಕ್ಕೆ ಸಿಗಬೇಕಾದಷ್ಟು ಗೌರವ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಎರಡು ಮಾತು ಹೇಳಿದೆ. ಬಿಡಿ ಪದಾರ್ಥಕ್ಕಿಂತ ಇಡೀ ಊಟ ಕಲಿಯಿರಿ ಅಂದೆ. ಬಸ್ಸಾರಿನಿಂದ ಶುರು ಮಾಡಿ ಅಂದೆ. ಈಗ ಅದನ್ನು ಮಾಡುವ ಬಗೆ. ಪಾತ್ರೆಯೊಳಗೆ ಏನಾಗುತ್ತಿದೆ ಎಂದು ರೇಡಿಯೋದಲ್ಲಿ ತೋರಿಸಲಾರೆ. ನಿಧಾನವಾಗಿ ಹೇಳುತ್ತೇನೆ, ಮನಸ್ಸಿನಲ್ಲೇ ನೋಡಿಕೊಳ್ಳಿ.

ನಾಲ್ಕೈದು ಜನಕ್ಕೆ ಒಂದು ಲೋಟ ತೊಗರಿಬೇಳೆ, ಎರಡು ದೊಡ್ಡ ಕಟ್ಟು ಸೊಪ್ಪು. ದಂಟಿನ ಸೊಪ್ಪಾದರೆ ಬಹಳ ಒಳ್ಳೆಯದು. ಸಬ್ಬಸಿಗೆ, ಕೀರೆ, ಮೆಂತ್ಯ ಯಾವುದಾದರೂ ಆದೀತು. ಮೆಂತ್ಯ ಮಾತ್ರ ಸ್ವಲ್ಪವೇ ಇರಲಿ, ಇಲ್ಲದಿದ್ದರೆ ಸಾರು ಕಹಿಯಾಗುತ್ತದೆ. ಸೊಪ್ಪನ್ನು ಬಿಡಿಸಿ, ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿ ತೊಳೆಯಿರಿ. ಮಣ್ಣು ತಳಕ್ಕೆ ಇಳಿಯುತ್ತದೆ. ಸೊಪ್ಪನ್ನು ಮೇಲಿಂದ ಎತ್ತಿಕೊಳ್ಳಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ. ಆಮೇಲೆ ಹೆಚ್ಚಿ.

ದೊಡ್ಡ ಪಾತ್ರೆಯಲ್ಲಿ ಧಾರಾಳವಾಗಿ ನೀರು ಇಡಿ. ನೀರು ಮರಳಿದಾಗ ತೊಳೆದ ಬೇಳೆ ಹಾಕಿ. ಇದಕ್ಕೆ ಕುಕ್ಕರ್ ಬೇಡ. ಕುಕ್ಕರಿನಲ್ಲಿ ಬೇಳೆ ಕರಗಿಹೋಗುತ್ತದೆ. ನಮಗೆ ಬೇಕಾದದ್ದು ಬೆಂದೂ ಬಿಡಿಬಿಡಿಯಾಗಿ ಉಳಿಯುವ ಬೇಳೆ. ಒಂದು ಬೇಳೆಯನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಮೆತ್ತಗೆ ಚಪ್ಪಟೆಯಾಗಬೇಕು, ನಡುವೆ ಒಂದು ಚೂರು ಗಟ್ಟಿ ಉಳಿದಿರಬೇಕು. ಆಗ ಸೊಪ್ಪು ಹಾಕಿ, ಉಪ್ಪು ಹಾಕಿ. ಪಾತ್ರೆಗೆ ಮುಚ್ಚಳ ಹಾಕಬೇಡಿ. ಸೊಪ್ಪು ಬೇಯುವಾಗ ಅದರಿಂದ ಹುಳಿಯ ಅಂಶ ಬಿಡುತ್ತದೆ. ಮುಚ್ಚಿದರೆ ಅದು ಒಳಗೇ ನಿಂತು ಹಸಿರು ಬಣ್ಣವನ್ನು ಕೆಡಿಸುತ್ತದೆ. ತೆರೆದಿಟ್ಟರೆ ಆವಿಯ ಜೊತೆ ಒಂದಿಷ್ಟು ಹೊರಗೆ ಹೋಗುತ್ತದೆ. ಏಳೆಂಟು ನಿಮಿಷ ಸಾಕು.

ಈಗ ಮುಖ್ಯವಾದ ಹೆಜ್ಜೆ. ತೂತಿನ ಪಾತ್ರೆಯಲ್ಲಿ ಬಸಿಯಿರಿ. ಮೇಲೆ ಬೇಳೆ, ಸೊಪ್ಪು ಉಳಿಯಿತು. ಕೆಳಗೆ ಅವು ಬೆಂದ ನೀರು, ಅಂದರೆ ಕಟ್ಟು, ಇಳಿಯಿತು. ಮೇಲಿನದು ಪಲ್ಯವಾಗುತ್ತದೆ, ಕೆಳಗಿನದು ಸಾರಾಗುತ್ತದೆ. ಒಂದೇ ಪಾತ್ರೆ, ಒಂದೇ ಉರಿ, ಎರಡು ಪದಾರ್ಥ.

ಸಾರಿಗೆ ಒಂದು ಮಸಾಲೆ. ಬಾಣಲೆಗೆ ಒಂದು ಚಮಚ ಎಣ್ಣೆ ಬಿಟ್ಟು ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿಯಿರಿ. ಸೌದೆ ಒಲೆಯ ಕಾಲದಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನು ಕೆಂಡದಲ್ಲೇ ಸುಡುತ್ತಿದ್ದರು. ಆ ಘಮ ಗ್ಯಾಸಿನಲ್ಲಿ ಪೂರ್ತಿ ಬರುವುದಿಲ್ಲ. ಆದರೂ ಈರುಳ್ಳಿಯ ಅಂಚು ಕಂದುವವರೆಗೆ ಹುರಿದರೆ ಹತ್ತಿರ ಬರುತ್ತದೆ. ಇದು ಆರಿದ ಮೇಲೆ ಒಂದು ಹಿಡಿ ತೆಂಗಿನ ತುರಿ, ನೆನೆಸಿದ ಹುಣಿಸೆಹಣ್ಣು ಸೇರಿಸಿ. ಜೊತೆಗೆ ಬಸಿದ ಬೇಳೆ ಸೊಪ್ಪಿನಿಂದಲೇ ಒಂದು ಸೌಟು ತೆಗೆದು ಹಾಕಿ. ಇದನ್ನು ಮರೆಯಬೇಡಿ. ಸಾರಿಗೆ ಮೈ ಬರುವುದು ಇದರಿಂದಲೇ. ನುಣ್ಣಗೆ ರುಬ್ಬಿ, ಕಟ್ಟಿಗೆ ಕಲಸಿ, ಕುದಿಸಿ. ಹಸಿ ವಾಸನೆ ಹೋಗಿ ಬೆಳ್ಳುಳ್ಳಿ ಘಮ ಏಳಬೇಕು. ಒಗ್ಗರಣೆ ಕೊಡಿ. ಸಾಸಿವೆ ಚಟಪಟ ಸಿಡಿದು ನಿಲ್ಲುತ್ತದೆ. ನಿಂತಾಗ ಕರಿಬೇವು ಹಾಕಿ.

ಪಲ್ಯ ಇನ್ನೂ ಸುಲಭ. ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ. ಬಸಿದದ್ದನ್ನು ಹಾಕಿ ಎರಡು ಸಲ ತಿರುವಿ. ಮೇಲೆ ಕಾಯಿತುರಿ. ಆಯಿತು. ಬೆಳ್ಳುಳ್ಳಿ ಬಳಸದ ಮನೆಯವರು ಇಂಗು ಹಾಕಿಕೊಳ್ಳಿ.

ಹೀಗೆ ಒಂದು ಪಾತ್ರೆಯಿಂದ ಸಾರು, ಪಲ್ಯ ಎರಡೂ ಆದವು. ಆದರೆ ಇದನ್ನೇ ಮೊದಲ ಊಟ ಅಂತ ನಾನು ಹಟ ಹಿಡಿಯುವುದಕ್ಕೆ ಸುಲಭ ಎಂಬುದಷ್ಟೇ ಕಾರಣವಲ್ಲ. ಬಸಿಯುವ ಆ ಗಳಿಗೆಯನ್ನು ಇನ್ನೊಮ್ಮೆ ನೋಡಿ. ಕಟ್ಟು ಕೆಳಗಿದೆ, ಇನ್ನೂ ಖಾರ ಸೇರಿಲ್ಲ. ಈಗಲೇ ಒಂದು ಬಟ್ಟಲು ಕಟ್ಟು ತೆಗೆದಿಟ್ಟುಕೊಳ್ಳಿ. ಬಿಸಿ ಅನ್ನ ಅಥವಾ ಒಂದು ಚೂರು ಮುದ್ದೆ, ಒಂದು ಚಮಚ ತುಪ್ಪ, ಈ ಕಟ್ಟು ಸೇರಿಸಿ ಮಿದ್ದರೆ ಮಗುವಿನ ಊಟ ತಯಾರು. ಅಪ್ಪನಿಗೆ ಉಪ್ಪು ಕಡಿಮೆ ಬೇಕೇ? ಬೇಯುವಾಗ ಉಪ್ಪು ಅರ್ಧ ಮಾತ್ರ ಹಾಕಿ. ಅವರ ಪಾಲು ಬೇರೆ ತೆಗೆದ ಮೇಲೆ ಉಳಿದ ಸಾರಿಗೆ, ಪಲ್ಯಕ್ಕೆ ಮಿಕ್ಕ ಉಪ್ಪು ಸೇರಿಸಿ. ಸಕ್ಕರೆ ಕಾಯಿಲೆ ಇರುವವರು ಅನ್ನ, ಮುದ್ದೆ ಕಡಿಮೆ ಮಾಡಿ ಪಲ್ಯ ಹೆಚ್ಚು ಬಡಿಸಿಕೊಳ್ಳಲಿ. ಖಾರ ಬೇಕೆನ್ನುವ ಹರೆಯದವರಿಗೆ ಸಾರು ಇದ್ದೇ ಇದೆ. ಯಾರಿಗೂ ಬೇರೆ ಅಡುಗೆ ಮಾಡಲಿಲ್ಲ. ಎಲ್ಲರಿಗೂ ಅವರವರಿಗೆ ಹೊಂದುವ ಊಟ ಸಿಕ್ಕಿತು. ಈ ಲೆಕ್ಕಾಚಾರ ಒಮ್ಮೆ ಕೈಗೆ ಹತ್ತಿದರೆ ಮುಂದೆ ಯಾವ ಅಡುಗೆ ಮಾಡಿದರೂ ಯಾವ ಹಂತದಲ್ಲಿ ಯಾರ ಪಾಲು ತೆಗೆದಿಡಬೇಕು ಎಂದು ತಾನಾಗಿ ಹೊಳೆಯುತ್ತದೆ.

ಕೇಳುಗರೇ, ಊಟ ಕಲಿಯುವುದು ಅಂದರೆ ಉಣ್ಣುವವರನ್ನು ಗಮನದಲ್ಲಿಡುವುದು ಅಂತ ಇಷ್ಟು ಹೊತ್ತು ಹೇಳಿದೆ. ಇನ್ನು ನೀರಿನ ವಿಷಯ. ಅಡುಗೆ ಕಲಿಯುವ ಮಕ್ಕಳು ಇದರಲ್ಲೇ ಸೋಲುತ್ತಾರೆ, ಮತ್ತೆ ತಮ್ಮ ಕೈಗುಣವನ್ನೇ ಬೈದುಕೊಳ್ಳುತ್ತಾರೆ.

"ಆಂಟಿ, ಪುಸ್ತಕದಲ್ಲಿ ಇಪ್ಪತ್ತು ನಿಮಿಷ ಅಂತಿದೆ, ಮುಕ್ಕಾಲು ಗಂಟೆಯಾದ್ರೂ ಬೇಳೆ ಬೇಯ್ಲಿಲ್ಲ." ತಪ್ಪು ಕೈಯದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ, ಸುಮಾರು 97ಕ್ಕೆ ಕುದಿಯುತ್ತದೆ. ಮಂಗಳೂರಿನಲ್ಲಿ ಬೇಯುವಷ್ಟು ಬೇಗ ಇಲ್ಲಿ ಬೇಳೆ ಬೇಯುವುದಿಲ್ಲ. ಎರಡನೆಯದು, ಬೋರ್‌ವೆಲ್ ನೀರು. ಅದರಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಬೇಳೆಯ ಕಣಗಳ ನಡುವಿನ ಅಂಟನ್ನು ಅದು ಬಿಗಿಯುತ್ತದೆ. ಎಷ್ಟು ಉರಿ ಹಾಕಿದರೂ ಬೇಳೆ ಗಟ್ಟಿ. ಕಾವೇರಿ ನೀರು 1974ರಲ್ಲಿ ಬೆಂಗಳೂರಿಗೆ ಬಂತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಹಾಕಿ ಅದನ್ನು ತರುತ್ತಾರೆ. ಅಷ್ಟು ದೂರದಿಂದ ಬಂದ ನೀರನ್ನು ಹನಿಯೂ ಪೋಲು ಮಾಡದೆ ಬಳಸಬೇಕು. ಆದರೆ ಬೇಳೆಗೆ ಮಾತ್ರ ಅದೇ ನೀರು ಇರಲಿ, ಇಲ್ಲವೇ ಕುಡಿಯುವ ಶೋಧಿಸಿದ ನೀರು ಇರಲಿ. ಮೂರನೆಯದು, ಹುಣಿಸೆಹಣ್ಣು. ಬೇಳೆ ಬೇಯುವ ಮೊದಲೇ ಹುಳಿ ಹಾಕಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ನಮ್ಮ ಹಿರಿಯರು ಹುಳಿಯನ್ನು ಯಾವಾಗಲೂ ಕೊನೆಗೆ ಹಾಕುತ್ತಿದ್ದರು. ಪಕ್ಕದಲ್ಲಿ ನಿಂತ ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಿದ್ದರು.

ನೀರು, ಹುಳಿ ಎರಡೂ ಆಯಿತು. ಇನ್ನು ಮುದ್ದೆ. ಇದಕ್ಕೆ ಹೆದರುವವರೇ ಹೆಚ್ಚು. ಹೆದರಬೇಡಿ.

ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು, ಮೇಲೆ ಕಾಲು ಲೋಟ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ ಎಸರಿಗೆ ಬಿಡಿ. ಎಸರು ಚೆನ್ನಾಗಿ ಮರಳಲಿ. ಆಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕಲಕಬೇಡಿ. ಉರಿ ತಗ್ಗಿಸಿ ನಾಲ್ಕೈದು ನಿಮಿಷ ಬಿಡಿ. ಗುಡ್ಡೆಯ ಸುತ್ತ ನೀರು ಗೊಳಗೊಳ ಎನ್ನುತ್ತಿರುತ್ತದೆ. ಆ ಸದ್ದು ದಪ್ಪವಾಗಿ, ಬಿಟ್ಟುಬಿಟ್ಟು ಬರತೊಡಗಿದಾಗ ಮುದ್ದೆ ಕೋಲು ಹಿಡಿಯಿರಿ. ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ಗಂಟು ಒಡೆಯುವುದು ಒತ್ತುವುದರಿಂದ. ಒಣಗಿದಂತೆ ಕಂಡರೆ ಬಿಸಿನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಇಡಿ. ಕೈ ಒದ್ದೆ ಮಾಡಿ ಮುಟ್ಟಿ ನೋಡಿ. ಅಂಟಲಿಲ್ಲ ಅಂದರೆ ಬೆಂದಿದೆ.

ರಾಗಿಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಳೆಯುವ ಮಕ್ಕಳಿಗೂ ವಯಸ್ಸಾದವರಿಗೂ ಬೇಕಾದದ್ದು ಅದು. ಇವತ್ತು ನಾವು ಉಣ್ಣುವ ರಾಗಿಯ ಹಿಂದೆ ಡಾ. ಲಕ್ಷ್ಮಣಯ್ಯನವರ ದುಡಿಮೆ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಅವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ರೈತರ ಇಳುವರಿ ಏರಿತು. ಜನ ಅವರನ್ನು ರಾಗಿ ಬ್ರಹ್ಮ ಎಂದು ಕರೆದರು. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹಾಗಾಗಿ ಹಲ್ಲಿಲ್ಲದ ಅಜ್ಜಿಗೆ ಈ ಊಟದಲ್ಲಿ ಯಾವ ತೊಡಕೂ ಇಲ್ಲ.

ಸಾರು, ಪಲ್ಯ, ಮುದ್ದೆ ಮೂರೂ ಆದವು. ಈಗ ಇದನ್ನು ಯಾರು ಕಲಿಯಬೇಕು ಎಂಬ ಮಾತು. ಗಂಡುಮಕ್ಕಳೇ, ನಿಮಗೂ ಹೇಳುತ್ತಿದ್ದೇನೆ. ಕನ್ನಡದಲ್ಲಿ ಅಡುಗೆಯನ್ನು ಮೊದಮೊದಲು ಬರೆದಿಟ್ಟವರು ಗಂಡಸರೇ. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಲೋಕೋಪಕಾರ ಎಂಬ ಗ್ರಂಥ ಬರೆದ. ಹೆಸರೇ ಹೇಳುವಂತೆ ಅದು ಜನಕ್ಕೆ ಉಪಯೋಗವಾಗುವ ವಿದ್ಯೆಗಳ ಕೋಶ. ಮಳೆಯ ಲಕ್ಷಣ, ಅಂತರ್ಜಲ ಹುಡುಕುವುದು, ಮನೆ ಕಟ್ಟುವುದು, ಗಿಡಮರ ಬೆಳೆಸುವುದು, ದನಕರುಗಳ ವೈದ್ಯ, ಇವುಗಳ ಸಾಲಿನಲ್ಲೇ ಅಡುಗೆಗೂ ಒಂದು ಅಧ್ಯಾಯ. ಬಾವಿ ತೋಡಲು ಗೊತ್ತಿರಬೇಕಾದ ಗೃಹಸ್ಥನಿಗೆ ಅಡುಗೆಯೂ ಗೊತ್ತಿರಲಿ ಎಂದು ಆತ ಬಗೆದಿದ್ದ ಎಂದೇ ನಾನು ಓದಿಕೊಂಡಿದ್ದೇನೆ. ಅದಾಗಿ ಸುಮಾರು 500 ವರ್ಷದ ಮೇಲೆ, 16ನೆಯ ಶತಮಾನದ ಆರಂಭದಲ್ಲಿ, ಕಲ್ಲಹಳ್ಳಿಯ ಮೂರನೆಯ ಮಂಗರಸ ಸೂಪಶಾಸ್ತ್ರ ಬರೆದ. ಅರಸುಮನೆತನದವನು, ಜೈನ ಕವಿ. ಪೂರ್ತಿ ಸಸ್ಯಾಹಾರದ ಪುಸ್ತಕ, ಅದೂ ಷಟ್ಪದಿಯಲ್ಲಿ. ಹಿಟ್ಟಿನ ತಿನಿಸು, ಪಾನಕ, ಅನ್ನದ ಬಗೆಗಳು, ತರಕಾರಿ ಎಂದು ಅಡುಗೆಯನ್ನು ವಿಂಗಡಿಸಿ ಹೇಳುತ್ತಾನೆ. ಬದನೆಕಾಯಿ, ಹಲಸು, ಬಾಳೆ ಒಂದೊಂದಕ್ಕೂ ಹಲವು ಪಾಕ. ಪದ್ಯವಾದ್ದರಿಂದ ಓಲೆಗರಿ ಇಲ್ಲದವರೂ ಬಾಯಿಪಾಠ ಮಾಡಿಕೊಳ್ಳಬಹುದಿತ್ತು. ನಮ್ಮ ಕಾಲಕ್ಕೆ ಬಂದರೆ, ಕೊಳ್ಳೇಗಾಲದಲ್ಲಿ 1923ರಲ್ಲಿ ಹುಟ್ಟಿದ ಕೆ.ಟಿ. ಅಚಯ ಎಣ್ಣೆಗಳ ರಸಾಯನವಿಜ್ಞಾನಿ. ಭಾರತದ ಆಹಾರದ ಚರಿತ್ರೆಯನ್ನು ಅವರು ದೊಡ್ಡ ಗ್ರಂಥವಾಗಿ ಬರೆದರು. ಅದು 1994ರಲ್ಲಿ ಬಂತು. ಇವರಾರೂ ಅಡುಗೆಯನ್ನು ಸಣ್ಣ ವಿಷಯ ಅಂದುಕೊಳ್ಳಲಿಲ್ಲ.

ಆದರೆ ಪುಸ್ತಕ ಬರೆದವರು ಅವರಾದರೂ ದಿನದಿನದ ಒಲೆಯ ಮುಂದೆ ನಿಂತವರು ನಮ್ಮ ತಾಯಂದಿರು. ಬಸ್ಸಾರನ್ನು ತಲೆಮಾರುಗಳಿಂದ ಕೈಯಿಂದ ಕೈಗೆ ದಾಟಿಸಿದವರು ಅವರೇ. ಅವರಿಗೆ ಕೂತು ಬಿಸಿ ಊಟ ಉಣ್ಣುವ ಅವಕಾಶ ಸಿಕ್ಕಿದ್ದೇ ಅಪರೂಪ. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ತಣ್ಣಗೆ ಉಂಡರು. "ಅಮ್ಮನ್ನ ಕೂರಿಸಿ ನಾನೇ ಬಡಿಸ್ಬೇಕು" ಎನ್ನುವ ಮಗನೋ ಮಗಳೋ ಕಂಡರೆ ನನಗೆ ಯಾಕೆ ಅಷ್ಟು ಸಂತೋಷ ಎಂದು ಈಗ ನಿಮಗೆ ತಿಳಿದಿರಬೇಕು.

ಒಂದು ಊಟ ಕಲಿತ ಮೇಲೆ ಮುಂದೇನು? ದೂರ ಹೋಗಬೇಕಾಗಿಲ್ಲ. ಬೇಳೆಯ ಬದಲು ನೆನೆಸಿದ ಹುರುಳಿಕಾಳು ಇಲ್ಲವೇ ಅಲಸಂದೆ ಹಾಕಿ. ಬೇರೆಯೇ ಬಸ್ಸಾರು. ಕಟ್ಟಿಗೆ ಮಸಾಲೆ ಸೇರಿಸದೆ, ಮೆಣಸಿನಕಾಯಿ ಖಾರವನ್ನು ಬೇರೆ ರುಬ್ಬಿ ತಟ್ಟೆಯ ಅಂಚಿಗೆ ಬಡಿಸಿ. ಅದು ಉಪ್ಸಾರು. ಬಸಿಯದೆ ಎಲ್ಲವನ್ನೂ ಮಸೆದು ಒಗ್ಗರಣೆ ಕೊಡಿ. ಅದು ಮಸ್ಸೊಪ್ಪು. ಹಬ್ಬಕ್ಕೆ ಒಬ್ಬಟ್ಟು ಮಾಡುವಾಗ ಬೇಳೆ ಬಸಿದ ಕಟ್ಟಿನಿಂದ ಒಬ್ಬಟ್ಟಿನ ಸಾರು. ಬಸಿಯುವ ಒಂದು ಕೆಲಸ ಬಂದರೆ ಹಬ್ಬದಡುಗೆಯ ಅರ್ಧ ಬಂದಂತೆ.

ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬರುತ್ತದೆ. ಮಡಿವಾಳ ಮಾರುಕಟ್ಟೆಯಲ್ಲಿ, ಹಾಪ್‌ಕಾಮ್ಸ್ ಮಳಿಗೆಗಳಲ್ಲಿ, ಬೀದಿ ಬದಿಯಲ್ಲಿ ರಾಶಿರಾಶಿ. ಬೆಂಗಳೂರಿನ ಅವರೆ ಮೇಳದಲ್ಲಿ ಅದರದೇ ನೂರೆಂಟು ತಿನಿಸು. ಸೊಗಡಿರುವ ಕಾಯಿ ಆರಿಸಿ. ಮುಟ್ಟಿದರೆ ಬೆರಳಿಗೆ ಜಿಗುಟು ಅಂಟುತ್ತದೆ, ಆ ವಾಸನೆ ಬೇಗ ಹೋಗುವುದಿಲ್ಲ. ಅದೇ ಒಳ್ಳೆಯ ಕಾಯಿಯ ಗುರುತು. ಕಾಳು ಬಿಡಿಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಮನೆಯವರೆಲ್ಲ ಸುತ್ತ ಕೂರಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಹಿಡಿದು ಒತ್ತಿದರೆ ಪಿಚಕ್ಕನೆ ಬೇಳೆ ಹೊರಗೆ ಬಂದು ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಬ್ಬರೇ ಕೂತರೆ ಬೆನ್ನು ನೋಯುವ ಕೆಲಸ. ನಾಲ್ಕು ಜನ ಕೂತರೆ ಮಾತಾಡುತ್ತಾ ಮುಗಿದುಹೋಗುತ್ತದೆ. ಐದು ವರ್ಷದ ಮಗುವಿಗೂ ಬರುವ ಕೆಲಸ ಇದು. ಅಜ್ಜ ಪಕ್ಕದಲ್ಲಿ ಕೂತು ತೋರಿಸಿಕೊಟ್ಟರೆ ಮಗು ಅಡುಗೆಯ ಮೊದಲ ಪಾಠ ಅಲ್ಲೇ ಕಲಿಯಿತು. ಹೀಗೆ ಒತ್ತಿ ತೆಗೆದದ್ದೇ ಹಿತಕಿದ ಬೇಳೆ. ಅದರ ಸಾರಿನ ರುಚಿಯಲ್ಲಿ ಅರ್ಧ ಈ ಬೆಳಗಿನದು ಎಂದು ನಾನು ನಂಬಿದ್ದೇನೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಈ ಭಾನುವಾರವೇ ಮಾಡುವವರಿಗೆ ಕೆಲಸದ ಕ್ರಮ ಇನ್ನೊಮ್ಮೆ ಹೇಳಿಬಿಡುತ್ತೇನೆ. ಒಂದು ಗಂಟೆಗೆ ಊಟ ಎಂದುಕೊಳ್ಳಿ. ಹನ್ನೊಂದೂವರೆಗೆ ಸೊಪ್ಪು ಬಿಡಿಸಲು ಕೂರಿ, ಮನೆಯವರನ್ನೂ ಕರೆದುಕೊಳ್ಳಿ. ಹನ್ನೆರಡಕ್ಕೆ ಬೇಳೆಗೆ ನೀರು ಇಡಿ. ಅದು ಬೇಯುತ್ತಿರುವಾಗ ಮಸಾಲೆ ಹುರಿದು ಆರಲು ಬಿಡಿ. ಹನ್ನೆರಡೂವರೆಗೆ ಸೊಪ್ಪು ಹಾಕಿ. ಬಸಿದ ಕೂಡಲೇ ಮಗುವಿನ ಬಟ್ಟಲು, ಅಪ್ಪನ ಪಾಲು ತೆಗೆದಿಡಿ. ಸಾರು ಒಂದು ಒಲೆಯಲ್ಲಿ ಕುದಿಯಲಿ, ಇನ್ನೊಂದರಲ್ಲಿ ಮುದ್ದೆಗೆ ಎಸರಿಡಿ. ಪಲ್ಯಕ್ಕೆ ಐದು ನಿಮಿಷ ಸಾಕು, ಸಾರು ಇಳಿಸಿದ ಒಲೆಯಲ್ಲೇ ಆಗುತ್ತದೆ. ಮಜ್ಜಿಗೆಗೆ ಉಪ್ಪು, ಚೂರು ಶುಂಠಿ, ಕೊತ್ತಂಬರಿ ಸೊಪ್ಪು. ಮುದ್ದೆ ಕೋಲು ಕೈಗೆ ತೆಗೆದುಕೊಳ್ಳುವ ಮೊದಲೇ ಎಲ್ಲರನ್ನೂ ಕರೆದು ಕೂರಿಸಿ. ಮುದ್ದೆ ಆರಿದರೆ ಗಟ್ಟಿಯಾಗುತ್ತದೆ, ಬಿಸಿಯಲ್ಲೇ ಕಟ್ಟಿ ನೇರ ತಟ್ಟೆಗೆ ಇಡಬೇಕು. ಮೊದಲ ಮುದ್ದೆ ಅಮ್ಮನ ತಟ್ಟೆಗೆ.